ಪ್ರೊಫೆಸರರ ತಟ್ಟೆಯ ಎರಡನೇ ವಡೆ

ಅಕ್ಕನಿಗೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನೆಯ ಕೆಲಸ, ಹುಡುಕಿಕೊಡು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡೆ. ಬಂಗುಡೆಯ ಕಿವಿಯೊಳಗೆ ಒಂದು ಪುಟ್ಟ ಕಲ್ಲಿರುತ್ತದೆ ನೋಡಿ, ಅದನ್ನು ಕೊಯ್ದು ಗೆರೆ ಎಣಿಸಿ ಮೀನಿನ ವಯಸ್ಸು ಹೇಳುವುದರಲ್ಲಿ ಅವಳು ಪಿಎಚ್‌ಡಿ ಮುಗಿಸಿದ್ದಳು. ಮುಗಿಸಿ ಎಂಟು ತಿಂಗಳಿಂದ ಹಾಲಾಡಿಯ ಮನೆಯಲ್ಲೇ ಕೂತಿದ್ದಳು. ಈ ವರ್ಷ ಕೆಲಸ ಸಿಗದಿದ್ದರೆ ಮೀನು ಬಿಟ್ಟು ಬ್ರಹ್ಮಾವರದಲ್ಲಿ ಟ್ಯೂಷನ್ ಹೇಳಿಕೊಡುವುದು ಅಂತ ತೀರ್ಮಾನಿಸಿಬಿಟ್ಟಿದ್ದಳು.

ನಾನು ಓದಿದ್ದು ಬಿ.ಕಾಂ. ಆದರೆ ಪ್ರೊಫೆಸರರಿಗೆ ಮೇಲ್ ಬರೆಯುವುದು ಹೇಗೆ ಅಂತ ಹನ್ನೊಂದು ವಿಡಿಯೋ ನೋಡಿದ್ದೆ. ಒಂದೇ ಪತ್ರವನ್ನು ಹನ್ನೆರಡು ಜನರಿಗೆ ಕಳಿಸಿದೆ. ಹನ್ನೆರಡರಲ್ಲೂ ಮೊದಲನೆಯವರ ಹೆಸರೇ ಉಳಿದುಬಿಟ್ಟಿತ್ತು. ಬಂದದ್ದು ಒಂದೇ ಉತ್ತರ: "ಅವರು ನಾನಲ್ಲ."

ಆಮೇಲೆ ಅಕ್ಕ ತಾನೇ ಬರೆದಳು. ಉತ್ತರ ಭಾರತದ ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಗುರ್ತದವ್ರ್ ಯಾರ್ ಇದ್ರ್?"

ನಮ್ಮ ಕಡೆ ಗುರುತಿನವರಿಲ್ಲದೆ ಗ್ಯಾಸ್ ಸಿಲಿಂಡರನ್ನೂ ಬುಕ್ ಮಾಡುವುದಿಲ್ಲ. ಅಕ್ಕನಿಗೆ ಹೇಳದೆ ನಾನೂ ಅಮ್ಮನೂ ಗುರುತಿನವರ ಹುಡುಕಾಟಕ್ಕೆ ಇಳಿದೆವು. ವಂಡ್ಸೆಯ ಚಿಕ್ಕಮ್ಮನಿಗೆ ಫೋನು, ಅಲ್ಲಿಂದ ಅವಳ ನೆಂಟರ ಮುಂಬೈಯ ಹೋಟೆಲಿಗೆ, ಅಲ್ಲಿಂದ ಆ ವಿಶ್ವವಿದ್ಯಾಲಯದ ಕ್ಯಾಂಟೀನಿಗೆ. ನಡೆಸುವವರು ನಮ್ಮ ಕಡೆಯ ಬಿಜೂರಿನವರು! ಎಲ್ಲ ಸೇರಿ ಅರ್ಧ ಗಂಟೆ. ನನ್ನ ವಿಡಿಯೋಗಳಿಗೆ ಈ ವೇಗ ಇರಲಿಲ್ಲ.

"ಹ್ವಾಯ್, ಆ ಮೀನಿನ್ ಪ್ರೊಫೆಸರ್ ನಿಮ್ಮಲ್ಲಿಗ್ ಬತ್ರಾ?" ಅಮ್ಮ ಕೇಳಿದಳು.

"ಗಡ್ಡದ್ ಮೇಷ್ಟ್ರಾ? ದಿನಾ ಬತ್ರ್. ಇಡ್ಲಿ-ವಡೆ ಗಿರಾಕಿ. ನೀವ್ ಸುಮ್ನಿರಿ, ನಾನ್ ಕಾಣ್ಕಂತೆ."

ಸಂದರ್ಶನದ ದಿನ ನಾವಿಬ್ಬರೂ ಅಕ್ಕನ ಕೋಣೆಯ ಬಾಗಿಲ ಸಂದಿಯಲ್ಲಿ. ಪರದೆಯಲ್ಲಿ ಮೂವರು. ಗಡ್ಡದವರೇ ಶುರು ಮಾಡಿದರು.

"ಒಂದು ವಾರದಿಂದ ನನ್ನ ತಟ್ಟೆಗೆ ಪುಕ್ಕಟೆ ಎರಡನೇ ವಡೆ ಬರುತ್ತಿದೆ. ಇವತ್ತು ಕ್ಯಾಂಟೀನಿನವರಿಗೆ ಕಾರಣ ಕೇಳಿದೆ. 'ಸಂದರ್ಶನಕ್ಕೆ ಬರುವ ಹಾಲಾಡಿಯವಳು ನಮ್ಮ ಹುಡುಗಿ, ಸ್ವಲ್ಪ ನೋಡಿಕೊಳ್ಳಿ' ಅಂದರು. ನಿಮಗೆ ಗೊತ್ತೇ?"

ಅಕ್ಕ ಬಾಗಿಲ ಕಡೆ ತಿರುಗಿದಳು. ಆ ನೋಟಕ್ಕೆ ಅಮ್ಮ ನನ್ನ ಹಿಂದೆ ಸರಿದಳು.

"ನನಗೆ ಗೊತ್ತಿರಲಿಲ್ಲ ಸರ್. ಯಾರಿಗೆ ಗೊತ್ತಿತ್ತು ಅಂತ ಈಗ ಗೊತ್ತಾಯಿತು."

"ವಡೆ ತಿಂದವನು ಅಂಕ ಕೊಡಬಾರದು. ಉಳಿದ ಇಬ್ಬರು ನಿರ್ಧರಿಸಲಿ," ಎಂದು ಅವರು ಹೊರಟೇಹೋದರು.

ಉಳಿದವರಲ್ಲಿ ಕನ್ನಡಕದ ಮೇಡಂ ಒಂದು ಕಿವಿಕಲ್ಲಿನ ಚಿತ್ರ ತೋರಿಸಿ ಮೀನಿನ ವಯಸ್ಸು ಕೇಳಿದರು. ಅಕ್ಕ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದಳು.

"ಎರಡು ಗೆರೆ ಕಾಣುತ್ತವೆ. ಅಂಚು ಒಡೆದಿದೆ. ಇದನ್ನು ನೋಡಿ ವಯಸ್ಸು ಹೇಳಿದರೆ ಅದು ಬರೀ ಊಹೆ, ಮೇಡಂ. ನಾನು ಹೇಳುವುದಿಲ್ಲ."

ಮೇಡಂ ಏನೋ ಬರೆದುಕೊಂಡರು. ಕರೆ ಮುಗಿದದ್ದೇ ಅಕ್ಕ ಬಾಗಿಲು ತೆಗೆದಳು.

"ನಿಮ್ಗ್ ಮರ್ಲಾ? ಒಂದ್ ವಡೆಗ್ ನನ್ ಕೆಲ್ಸ ಹೋತಿತ್ತಲೆ!"

"ಒಂದಲ್ಲ ಹೆಣೆ," ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಏಳ್."

ಹದಿನೈದು ದಿನ ಅಕ್ಕ ನಮ್ಮಿಬ್ಬರೊಂದಿಗೆ ಮಾತಾಡಲಿಲ್ಲ. ಹದಿನಾರನೇ ದಿನ ಪತ್ರ ಬಂತು. ಒಡೆದ ಕಲ್ಲಿಗೆ ವಯಸ್ಸು ಹೇಳದವಳು ಅವಳೊಬ್ಬಳೇ ಅಂತೆ. ಅದಕ್ಕೇ ಆರಿಸಿದರಂತೆ.

ಸೇರಿದ ಮೊದಲ ಬೆಳಿಗ್ಗೆ ಅವಳು ಕ್ಯಾಂಟೀನಿಗೆ ಹೋಗಿ, ನಮ್ಮ ಕಡೆಯವರಲ್ಲವೇ ಎಂಬ ಸಲುಗೆಯಿಂದ ಇನ್ನೊಂದು ವಡೆ ಕೇಳಿದಳು.

"ಇಲ್ಲ ಹೆಣೆ," ಅಂದರಂತೆ ಬಿಜೂರಿನವರು. "ನಿಂಗ್ ಒಂದೇ ವಡೆ ಕೊಡ್ಕ್ ಅಂಬ್ರ್. ಗಡ್ಡದ್ ಮೇಷ್ಟ್ರ್ ಬಂದ್ ಹೇಳಿ ಹೋಯ್ರ್."