ಭಾವನ ಟ್ಯಾಂಕು ಹಿಂದೆ ಸರಿದದ್ದು

ಸತ್ತವರ ದನಿ ಕೇಳಿತು ಅನ್ನುವವರನ್ನು ಕಂಡರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದವನು. ಹೊಟ್ಟೆ ಖಾಲಿಯಿದ್ದರೆ ಕಿವಿ ಗುಂಯ್ ಅನ್ನುತ್ತದೆ, ಮುದ್ದೆ ಉಂಡು ಮಲಗಿ ಎಂದು ಬುದ್ಧಿ ಹೇಳಿದ್ದೂ ಉಂಟು. ಈಗ ನಾನೇ ಹೇಳಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷದ ಹಿಂದಿನ ಮಾತು. ಅಕ್ಕನನ್ನು ಕೊಟ್ಟಿರುವುದು ಪಾವಗಡದ ಕಡೆ, ನಾಗಲಮಡಿಕೆಗೆ ಹತ್ತಿರದ ಹಳ್ಳಿಗೆ. ನಾನು ಹೋದ ಮಧ್ಯಾಹ್ನ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ತಾಯಿ ಸತ್ತ ಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸಿ ದೊಡ್ಡ ಟಗರು ಮಾಡಿದ್ದಳು, ಸಿದ್ದ ಅಂತ ಹೆಸರು. ಭಾವ ತಮ್ಮ ತಂಗಿಯ ಬೀಗರೂಟಕ್ಕೆ ಅದನ್ನೇ ಕಡಿಯುವುದೆಂದು ಹೇಳಿಬಂದಿದ್ದರು.

"ಸಿದ್ದನ್ನ ಕುಯ್ದ್ರೆ ಆ ಸಾರು ನೀವೇ ಮಾಡ್ಕಳಿ. ನಾನ್ ತವರಿಗೆ ಹೊಂಟೆ," ಎಂದು ಅಕ್ಕ ಹಟ ಹಿಡಿದು ಕೂತಿದ್ದಳು.

ಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ. ಸೋಲಾರ್ ಪಾರ್ಕಿನ ವಾಚ್‌ಮನ್ ಅವರು. ಬಿಡುವಾದಾಗೆಲ್ಲ ಟ್ಯಾಂಕ್ ಆಟ. ಆಚೆಗೊಂದು ಈಚೆಗೊಂದು ಟ್ಯಾಂಕು, ನಡುವೆ ಗುಡ್ಡ. ಟ್ಯಾಂಕನ್ನು ಹಿಂದೆ ಮುಂದೆ ಸರಿಸುತ್ತ, ಗುಡ್ಡ ಹಾರಿಸಿ ಗುಂಡು ಹೊಡೆಯಬೇಕು. ಮೊಬೈಲ್ ಜೋಡಿಸಿಕೊಂಡು ಇಬ್ಬರೂ ಆಡಬಹುದು. ಸುತ್ತಿನ ಹಳ್ಳಿಗಳಲ್ಲಿ ಭಾವನನ್ನು ಗೆದ್ದವರಿರಲಿಲ್ಲ. ನಾನಂತೂ ಹೋದಾಗೆಲ್ಲ ಸೋತೇ ಬರುತ್ತಿದ್ದೆ.

"ಬಾಪ್ಪಾ ಬಾಮೈದ, ಒಂದಾಟ! ನೀನ್ ಗೆದ್ರೆ ಟಗರು ನಿಮ್ಮಕ್ಕಂದು, ಬೀಗ್ರಿಗೆ ಕೋಳಿ. ಸೋತ್ರೆ ಅವ್ಳು ಬಾಯ್ ಮುಚ್ಕಂಡು ಮಸಾಲೆ ಅರೀಬೇಕು."

"ಆಡು ಕಣ್ಲಾ," ಅಂದಳು ಅಕ್ಕ. "ಸೋತ್ಗೀತಿಯಾ, ಈ ಮನೆ ಹೊಸ್ಲು ತುಳೀಬ್ಯಾಡ ನೀನು." ಹಾಗಂದವಳು ಹೊರಗೆ ಬೇವಿನ ಮರದಡಿ, ಟಗರಿನ ಹತ್ತಿರ ಹೋಗಿಬಿಟ್ಟಳು.

ಭಾವ ಗೋಡೆಗೆ ಒರಗಿ ಕೂತರು, ನಾನು ಎದುರಿಗೆ. ನಾನೂ ಬಿಡದೆ ಹೊಡೆದೆ. ಕೊನೆಗೆ ಯಾರಿಗೆ ಇನ್ನೊಂದು ಗುಂಡು ಬಿದ್ದರೂ ಅವರ ಆಟ ಮುಗಿಯಿತು ಅನ್ನುವ ಘಟ್ಟ. ಬೆವೆತ ಹೆಬ್ಬೆರಳು ಜಾರಿತು ನೋಡಿ, ನನ್ನ ಗುಂಡು ಅವರ ಟ್ಯಾಂಕಿನ ನೆತ್ತಿಯ ಮೇಲೆ ಹಾದು ಎಷ್ಟೋ ಹಿಂದಕ್ಕೆ ಹೊರಟಿತು. ಸಿದ್ದನ ಕತೆ ಮುಗೀತು ಅಂದುಕೊಂಡೆ.

ಗುಂಡು ಇನ್ನೂ ಮೇಲಿರುವಾಗಲೇ ಆ ಸದ್ದು ಕೇಳಿತು. ನಾಲಿಗೆಯನ್ನು ಅಂಗುಳಿಗೆ ಹೊಡೆದು 'ಟಕ್ ಟಕ್', ಆಮೇಲೊಂದು ಎಳೆದ ಸಿಳ್ಳೆ. ನಮ್ಮ ತಾತ ಕುರಿ ಕಾಯುತ್ತಿದ್ದವರು. ಬೇರೆಯವರ ಹೊಲಕ್ಕೆ ನುಗ್ಗಿದ ಕುರಿಗೆ ಅವರೆಂದೂ ಕಲ್ಲೆಸೆದವರಲ್ಲ; ಈ ಸದ್ದು ಮಾಡಿದರೆ ಸಾಕು, ಕುರಿ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಆದರೆ ತಾತ ತೀರಿಕೊಂಡದ್ದು ಅಕ್ಕನ ಮದುವೆಗೂ ಮುಂಚೆ.

ಭಾವನ ಟ್ಯಾಂಕು ಗಡಗಡ ಹಿಂದೆ ಸರಿದು ನೆಟ್ಟಗೆ ನನ್ನ ಗುಂಡಿನ ಕೆಳಗೇ ಬಂದು ನಿಂತಿತು. ಢಮಾರ್!

ನನ್ನ ಕೂಗಿಗೆ ಅಕ್ಕ ಓಡಿಬಂದಳು. ವಿಷಯ ತಿಳಿದದ್ದೇ, "ನನ್ ಹುಲಿ ಕಣ್ಲಾ ನೀನು!" ಎಂದು ತಲೆಗೊಂದು ಮೊಟಕಿ, ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಲು ಹೋದಳು. ಭಾವ ಮಾತ್ರ ತಿರುಗಿ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ನನ್ ಕತ್ತಿನ್ ಹಿಂದ್ಗಡೆ ಸಿಳ್ಳೆ ಹೊಡ್ದಿದ್ದು ಯಾರಪ್ಪಾ? ಯಾರೋ ಕರ್ದಂಗಾತು. ಕೈ ಅದರಷ್ಟಕ್ಕದೇ ಹಿಂದಕ್ಕೆಳೀತು."

"ಸೋತೋರಿಗೆ ಏನೇನೋ ಕೇಳ್ತದೆ ಬುಡಿ," ಎಂದಳು ಅಕ್ಕ ಒಳಗಿಂದ. ಅವಳಿಗೆ ಏನೂ ಕೇಳಿಸಿರಲಿಲ್ಲವಂತೆ.

ಬೀಗರು ಕೋಳಿ ಉಂಡು ಹೋದರು. ಸಿದ್ದ ಚಪ್ಪರದ ಮಾವಿನೆಲೆಯನ್ನೆಲ್ಲ ಎಳೆದು ತಿಂದ. ಅಕ್ಕ ಯಾರಿಗೂ ಗದರಲು ಬಿಡಲಿಲ್ಲ.

ಆ ಸದ್ದು ಎಲ್ಲಿಂದ ಬಂತೋ, ತಾತನನ್ನು ಕಂಡೇ ಇರದ ಭಾವನ ಕಿವಿಗೆ ಹೇಗೆ ಬಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಆಡಿದ್ದೇವೆ. ನಾನೂ ನಾಲಿಗೆ ನೋಯುವಷ್ಟು ಟಕ್ ಟಕ್ ಎಂದು, ಸಿಳ್ಳೆ ಎಳೆದು ನೋಡಿದ್ದೇನೆ. ಭಾವನ ಟ್ಯಾಂಕು ಒಂದು ಚೂರೂ ಹಿಂದೆ ಸರಿಯುವುದಿಲ್ಲ.