ಯಾರದ್ದೂ ಬೇಡ ಎಂದ ವನಜಕ್ಕ

ವನಜಕ್ಕ ಯಾರೊಡನೆ ಮಾತಿಗೆ ತೊಡಗಿದರೂ ಮೊದಲು ಅವರ ಎರಡೂ ಹೆಗಲು ಹಿಡಿದು ನೆಟ್ಟಗೆ ನಿಲ್ಲಿಸುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಕೈ ಅದು. "ಗಲ್ಲ ಮೇಲೆ ಮಾಡಿ, ಅಲುಗಾಡ್ಬೇಡಿ" ಎನ್ನುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಮೀನು ತರುವವಳು, ಅಂಚೆಯವ, ಗ್ಯಾಸಿನವ, ಎಲ್ಲರೂ ಅವರ ಗೇಟಿನ ಮುಂದೆ ಒಮ್ಮೆ ಸೆಟೆದು ನಿಂತವರೇ. ಹಾಗೆ ನಿಲ್ಲಿಸಿದ ಮೇಲೆ ಬ್ಯಾಗಿನಿಂದ ಉದ್ದದ ನೋಟ್‌ಬುಕ್ ಹೊರಗೆ ಬರುತ್ತಿತ್ತು. ಅದರ ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಪ್ರಪಂಚದ ಯಾವ ದೇಶದ ಬಳಿಯೂ ಅಣುಬಾಂಬ್ ಇರಬಾರದು. ನಮ್ಮದೂ ಸೇರಿ.' ಅದರ ಕೆಳಗೆ ಸಹಿಗಳು.

ದೇರೆಬೈಲಿನಲ್ಲಿ ಅವರ ಪಕ್ಕದ ಮನೆಗೆ ನಾವು ಬಂದ ವಾರದಲ್ಲೇ ಆ ಪುಸ್ತಕ ನನ್ನೆದುರಿಗೂ ಬಂತು. ಪಣಂಬೂರಿನ ಕಚೇರಿಗೆ ಹೋಗುವ ಬಸ್ಸು ತಪ್ಪುವ ಹೊತ್ತು. ಗಡಿಬಿಡಿಯಲ್ಲಿ ಗೀಚಿಕೊಟ್ಟೆ. ಅವರು ಅಲ್ಲೇ ನನ್ನ ಸಹಿಯ ಮೇಲೆ ಗೆರೆ ಎಳೆದರು.

"ಓದದೆ ಹಾಕಿದ ಸೈನ್ ನನಗೆ ಬೇಡ ಮಾರಾಯ. ಆದಿತ್ಯವಾರ ಬಾ, ಮಾತಾಡುವ."

ಹೋದೆ. ಚಾ ಕೊಟ್ಟರು. ನಿಮಗೆ ಈ ಚಿಂತೆ ಎಲ್ಲಿಂದ ಹತ್ತಿಕೊಂಡಿತು ಎಂದು ಕೇಳಿದೆ.

"ಕಾಲು ಮುರಿದ ಒಬ್ಬಳು ಹೆಂಗಸು ಬಂದಿದ್ದಳು," ಎಂದರು. "ಮಲಗಿಸಿ, ಬಟನ್ ಒತ್ತಲಿಕ್ಕೆ ನಾನು ಸೀಸದ ಗೋಡೆಯ ಹಿಂದೆ ಹೋದೆ. ಅವಳು ಕೇಳಿದಳು, ಅಕ್ಕಾ, ಇದು ಒಳ್ಳೇದೇ ಆದ್ರೆ ನೀವು ಯಾಕೆ ಅಡಗುವುದು ಅಂತ. ನಿನಗೆ ಒಂದು ಸಲ, ನನಗೆ ದಿನಾ ಇದೇ ಕೆಲಸ ಅಲ್ಲವಾ ಅಂತ ಹೇಳಿದೆ. ಅದು ಸತ್ಯವೇ. ಆದ್ರೆ ಅದೇ ವಾರ ನಮ್ಮವರು ಬಾಂಬಿನ ಪರೀಕ್ಷೆ ಮಾಡಿದ್ರು. ಆಸ್ಪತ್ರೆಯಲ್ಲಿ ಲಾಡು ಹಂಚಿದ್ರು. ನಾನೂ ತಿಂದೆ. ಲಾಡು ಬಾಯಲ್ಲಿರುವಾಗಲೇ ಅವಳ ಮಾತು ನೆನಪಾಯ್ತು. ಒತ್ತುವವರು ಗೋಡೆಯ ಹಿಂದೆ ಇರ್ತಾರೆ. ಮಲಗಿದವರಿಗೆ ಎಂತ ಗೋಡೆ ಉಂಟು?"

ಅವತ್ತು ಓದಿ ಸಹಿ ಹಾಕಿದೆ. ಒಬ್ಬೊಬ್ಬರಿಗೂ ಹೀಗೆ ಅರ್ಧ ಗಂಟೆ ಹಿಡಿಯುತ್ತಿದ್ದುದರಿಂದ ಅಷ್ಟು ವರ್ಷಗಳಲ್ಲೂ ಆ ಪುಸ್ತಕ ಅರ್ಧ ದಾಟಲಿಲ್ಲ.

ಹಿರೋಷಿಮಾ ದಿನ ಬಂತೆಂದರೆ ರಟ್ಟಿನ ಫಲಕ ಹಿಡಿದು ಬಸ್ ನಿಲ್ದಾಣದ ಎದುರು ನಿಲ್ಲುವುದು ಅವರ ಪದ್ಧತಿ. ಮೊದಲು ಏಳೆಂಟು ಜನ ಇರುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಮೂವರಾಗಿದ್ದೆವು, ಆಮೇಲೆ ಇಬ್ಬರೇ. ಆಗಸ್ಟಿನ ಮಳೆಗೆ ಫಲಕದ ಬಣ್ಣ ಇಳಿದು ಅವರ ಸೀರೆಗೆ ಹತ್ತುತ್ತಿತ್ತು. ಒಮ್ಮೆ ಒಬ್ಬ ಕಂಡಕ್ಟರ್ ಬಸ್ಸಿನ ಬಾಗಿಲಲ್ಲೇ ನೇತಾಡುತ್ತಾ ಕೇಳಿದ:

"ಎಂತಮ್ಮಾ, ಯಾವ ಪಾರ್ಟಿ?"

"ಪಾರ್ಟಿ ಅಲ್ಲ. ಬಾಂಬ್ ಬೇಡ ಅಂತ."

"ನಮ್ಮದಾ, ಅವರದ್ದಾ?"

"ಯಾರದ್ದೂ ಬೇಡ."

"ಅವರದ್ದು ಮಾತ್ರ ಬೇಡ ಅಂತ ಬರೀರಿ, ಇಡೀ ಬಸ್ಸಿನವರ ಸೈನ್ ಹಾಕಿಸಿಕೊಡ್ತೇನೆ!"

ಬಸ್ಸು ಹೊರಟಿತು. ಬೇರೆ ದಿನವಾಗಿದ್ದರೆ ವನಜಕ್ಕ ನಕ್ಕುಬಿಡುತ್ತಿದ್ದರು. ಅವತ್ತು ಫಲಕವನ್ನು ಕಂಬಕ್ಕೆ ಒರಗಿಸಿ, "ತುಂಬಾ ಬಚ್ಚೆಲ್ ಆಗ್ತದೆ, ಸದಾಶಿವ," ಎಂದರು. ದಣಿವಿಗೆ ನಮ್ಮ ತುಳುವಿನ ಮಾತು. ಅವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಗಡಿಯಲ್ಲಿ ಕ್ಷಿಪಣಿಗಳು ಹಾರಾಡಿದ ಆ ವಾರ ನಮ್ಮ ಊರಲ್ಲೂ ಅಣಕು ಕವಾಯತಿನ ಸೈರನ್ ಕೂಗಿತು. ದೀಪ ಆರಿಸುವ ವಿಷಯ ಮಾತಾಡಲು ನಮ್ಮ ರಸ್ತೆಯ ನಿವಾಸಿಗಳ ಸಂಘದ ಸಭೆ ಸೇರಿತ್ತು. ಯಾರೋ ಒಬ್ಬರು, "ಇದೆಲ್ಲ ಯಾಕೆ, ಒಂದು ಅಣುಬಾಂಬ್ ಹಾಕಿ ಮುಗಿಸಿದ್ರೆ ಆಯ್ತಲ್ಲ," ಎಂದರು. ಹತ್ತಾರು ಜನ ಚಪ್ಪಾಳೆ ತಟ್ಟಿದರು. ವನಜಕ್ಕ ಎದ್ದು ನಿಂತರು.

"ಮುಗಿಯುವುದು ಯಾರು ಅಂತ ಒಂದ್ಸಲ ಆಲೋಚನೆ ಮಾಡಿ. ಅಲ್ಲಿಯೂ ನಮ್ಮ ಹಾಗೆ ಮೀಟಿಂಗಿಗೆ ಕೂತವರೇ ಇರುವುದು."

ಗದ್ದಲ ಎದ್ದಿತು. ಎದುರು ಮನೆಯ ಭೋಜಣ್ಣ ಕುರ್ಚಿಯಿಂದ ಎದ್ದರು. ಅವರ ಮಗ ಸೈನ್ಯದಲ್ಲಿದ್ದ. "ಅಕ್ಕಾ, ನನ್ನ ಮಗ ಈಗ ಅಲ್ಲಿದ್ದಾನೆ. ಮೂರು ದಿನದಿಂದ ಫೋನಿಲ್ಲ. ನೀವು ಅವರ ಪರ ಮಾತಾಡ್ತೀರಾ?"

"ನಿಮ್ಮ ಮಗ ಬದುಕಿ ಬರ್ಲಿ ಅಂತಲೇ ನಾನು ಹೇಳುವುದು, ಭೋಜಣ್ಣ."

"ಸಾಕು, ಕೂತ್ಕೊಳ್ಳಿ!" ಎಂದು ಹಿಂದಿನಿಂದ ಕೂಗು ಬಂತು. ವನಜಕ್ಕ ಒಮ್ಮೆ ನನ್ನ ಕಡೆ ನೋಡಿದರು. ನಾನು ಸಂಘದ ಕಾರ್ಯದರ್ಶಿ. ಎದುರಿಗಿದ್ದ ಕಾಗದ ನೋಡುತ್ತಾ ಕುಳಿತೆ. ಭೋಜಣ್ಣನ ಮುಖ ನೋಡಿ ಬಾಯಿ ಕಟ್ಟಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ವನಜಕ್ಕ ಕೂತರು. ಸಭೆ ದೀಪದ ವಿಷಯಕ್ಕೆ ಹೋಯಿತು.

ಕೆಲವು ದಿನಗಳಲ್ಲಿ ಗುಂಡಿನ ಸದ್ದು ನಿಂತಿತು, ಭೋಜಣ್ಣನ ಮಗ ರಜೆಗೆ ಬಂದ. ವನಜಕ್ಕ ಮಾತ್ರ ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಆ ಮಳೆಗಾಲ ಅವರು ಹಾಸಿಗೆ ಹಿಡಿದರು. ಕಾವೂರಿನ ತಂಗಿ ಬಂದು ತನ್ನ ಮನೆಗೆ ಕರೆದೊಯ್ದರು. ನೋಡಲು ಹೋದಾಗ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಅವತ್ತು ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆ.

"ಬೇಜಾರಾಗಿತ್ತು," ಎಂದರು ಮುಚ್ಚುಮರೆಯಿಲ್ಲದೆ. "ಈಗ ಅದಕ್ಕೂ ಶಕ್ತಿ ಇಲ್ಲ."

ಕೇಳಬಾರದಿತ್ತೇನೋ, ಆದರೂ ಕೇಳಿದೆ: "ಇಷ್ಟು ವರ್ಷ ನಿಂತು ಒಂದಾದರೂ ಬಾಂಬ್ ಕಡಿಮೆ ಆಯ್ತಾ ವನಜಕ್ಕ?"

"ಇಲ್ಲ."

"ಮತ್ತೆ ಯಾಕೆ?"

ಚಮಚ ಬಟ್ಟಲಲ್ಲಿಟ್ಟರು. "ಬೇಡ ಅಂತ ಹೇಳದಿದ್ರೆ, ಆಗಬಹುದು ಅಂತ ಹೇಳಿದ ಹಾಗೇ ಆಗ್ತದಲ್ಲ ಮಾರಾಯ."

ಹತ್ತು ದಿನಗಳಲ್ಲಿ ಅವರು ತೀರಿಕೊಂಡರು. ಸಂಘದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅಧ್ಯಕ್ಷರು ಅವರ ಆಸ್ಪತ್ರೆಯ ಸೇವೆಯನ್ನೂ ಒಳ್ಳೆಯ ಮನಸ್ಸನ್ನೂ ಹೊಗಳಿದರು. ಬಾಂಬಿನ ಮಾತು ಬರಲೇ ಇಲ್ಲ. ವಂದನಾರ್ಪಣೆಗೆಂದು ನನ್ನನ್ನು ಕರೆದರು. ಎದ್ದು ಮುಂದೆ ಹೋದೆ.

"ವನಜಕ್ಕ ಅಣುಬಾಂಬ್ ಯಾರದ್ದೂ ಬೇಡ ಎನ್ನುತ್ತಿದ್ದರು," ಎಂದೆ. "ಇದೇ ಕೋಣೆಯಲ್ಲಿ ಹೇಳಿದಾಗ ನಾವು ಅವರನ್ನು ಕೂರಿಸಿದೆವು. ನನಗೂ ಅವರು ಹೇಳುವುದು ಸರಿ ಎಂದೇ ಅನಿಸಿತ್ತು. ನಾನು ಬಾಯಿ ಬಿಡಲಿಲ್ಲ."

ಜನ ಒಬ್ಬೊಬ್ಬರಾಗಿ ಎದ್ದರು. ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಭೋಜಣ್ಣ ನನ್ನನ್ನು ಕಂಡು ನಿಂತರು.

"ಅವತ್ತೇ ಹೇಳಬಹುದಿತ್ತಲ್ಲ ನೀವು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕೇಳ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದ್ರೆ ಆ ಅಕ್ಕ ಒಬ್ಬರೇ ಆಗ್ತಿರ್ಲಿಲ್ಲ."