ಜಿನಮತಿಯಮ್ಮನಿಗೆ ಹಿಡಿಸುವ ಪುಸ್ತಕ

ಹುಂಚದ ಗ್ರಂಥಾಲಯ ನೋಡಿಕೊಳ್ಳುವ ಪುಷ್ಪರಾಜ್ ಕುರ್ಚಿಯಲ್ಲಿ ಕೂತದ್ದನ್ನು ಕಂಡವರು ಕಡಿಮೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ದಂಡೆತ್ತಿ ಹೊರಟ ದಳವಾಯಿಯಂತೆ ಕಪಾಟುಗಳ ನಡುವೆ ನುಗ್ಗುತ್ತಾನೆ. ಬಂದವರು ಬಾಯಿ ತೆರೆಯುವುದರೊಳಗೆ ಪುಸ್ತಕ ಅವರ ಕೈಯಲ್ಲಿರುತ್ತದೆ. ‘ಮುಖ ನೋಡಿ ಪುಸ್ತಕ ಹೇಳುವವ’ ಎಂಬ ಬಿರುದು ಅವನಿಗಿದೆ, ಕೊಟ್ಟವನೂ ಅವನೇ. ಟ್ರ್ಯಾಕ್ಟರ್ ಓಡಿಸುವ ರವೀಶನಿಗೆ ಪ್ರೇಮಕಥೆ ಕೊಟ್ಟು, ಆ ಗಡಸು ಆಸಾಮಿ ಕಣ್ಣೊರೆಸಿಕೊಂಡು ಇನ್ನೊಂದು ಕೇಳಿದ ಮೇಲೆ ಊರೂ ಆ ಬಿರುದನ್ನು ಒಪ್ಪಿತ್ತು.

ಅಂಥ ವೀರನಿಗೆ ಮಣ್ಣು ಮುಕ್ಕಿಸಿದವರು ಜಿನಮತಿಯಮ್ಮ. ಬಟ್ಟೆ ಅಂಗಡಿಯನ್ನು ಮಗನಿಗೂ ಸೊಸೆ ಬ್ರಾಹ್ಮಿಗೂ ಬಿಟ್ಟು, ಇನ್ನು ಓದುತ್ತೇನೆಂದು ಕಾರ್ಡು ಮಾಡಿಸಿದ ಹಿರಿಯರು. ದಿನಾ ಬಸದಿಗೆ ಹೋಗುವವರಲ್ಲವೇ ಎಂದು ಪುಷ್ಪರಾಜ್ ಪುರಾಣ ಕೊಟ್ಟ. ವಾಪಸು ಬಂತು. ವ್ರತಕಥೆ ಕೊಟ್ಟ. ಅದೂ ಬಂತು.

“ಇವೆಲ್ಲ ನಮ್ಮಜ್ಜಿ ಹೇಳಿದ್ದೇ ಮಾರಾಯ. ಇನ್ನೊಂದ್ಸಲ ಹಿಂಗೇ ಕೊಟ್ರೆ ಕಾರ್ಡು ನೀನೇ ಇಟ್ಕೋ,” ಎಂದರು, ಜನ ತುಂಬಿದ ಕೋಣೆಯಲ್ಲಿ.

ಪೇಪರಿನ ಮರೆಯಿಂದ ರವೀಶ್ ಕಿಸಕ್ಕೆಂದ. “ಎಂತ ಪುಷ್ಪಣ್ಣ, ಕನ್ನಡಕ ಬದಲಾಯಿಸ್ಬೇಕೇನೋ?”

ಅಂದಿನಿಂದ ಪುಷ್ಪರಾಜನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪುಸ್ತಕ ತೆಗೆದ, ಇಟ್ಟ, ಮತ್ತೆ ತೆಗೆದ. ಚಹಾ ಕುಡಿಯಲು ಹೋಗಿ ಕುಡಿಯದೆ ಬಂದ. ಕೊನೆಗೊಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣತಮ್ಮಂದಿರಿಬ್ಬರು ಬೇಲಿಯ ವಿಷಯಕ್ಕೆ ಜಗಳವಾಡುತ್ತಿದ್ದರು. ತೀರ್ಥಹಳ್ಳಿ ಬಸ್ಸು ಬಂದು ಹೋದರೂ ಹತ್ತದೆ, ಕಿವಿ ನಿಮಿರಿಸಿ ಕೇಳುತ್ತ ನಿಂತಿದ್ದರು ಜಿನಮತಿಯಮ್ಮ!

ಅದನ್ನು ಕಂಡ ಪುಷ್ಪರಾಜ್ ಅಲ್ಲಿಂದಲೇ ಗ್ರಂಥಾಲಯಕ್ಕೆ ಓಡಿದ. ಒಂದು ಬಾವಿಗಾಗಿ ತಲೆಮಾರುಗಟ್ಟಲೆ ಕೋರ್ಟು ಅಲೆದ ಮನೆತನದ ದಪ್ಪ ಕಾದಂಬರಿ ತಂದು ಅವರ ಚೀಲಕ್ಕೆ ತುರುಕಿದ.

ಮರುದಿನ ಬೆಳಿಗ್ಗೆ ಅವನು ಬರುವ ಮೊದಲೇ ಅವರು ಬಾಗಿಲಲ್ಲಿದ್ದರು. ಮುಖ ಕೆಂಡ. ಪೇಪರಿಗೆಂದು ಬಂದ ರವೀಶ್ ತಮಾಷೆ ನೋಡಲು ಜಗಲಿಯಲ್ಲಿ ಜಾಗ ಹಿಡಿದಿದ್ದ.

“ನಿನ್ನಿಂದ ನಿನ್ನೆ ಉಪವಾಸ ಬಿದ್ದೆ ಕಣೋ!”

ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನ ಮನೆ ಅವರದು. “ಬ್ರಾಹ್ಮಿ ಊಟಕ್ಕೆ ಕರೆದಾಗೆಲ್ಲ ‘ಈ ಪುಟ ಮುಗೀಲಿ ಮಗಾ’ ಅಂದೆ. ತಲೆ ಎತ್ತಿದ್ರೆ ಕತ್ಲೆ! ಈ ವಯಸ್ಸಿಗೆ ಸೊಸೆ ಹತ್ರ ನಗಿಸ್ಕೊಂಡೆ.”

“ತಪ್ಪಾಯ್ತಮ್ಮ,” ಎಂದು ಕೈಮುಗಿದ ಪುಷ್ಪರಾಜ್. ಕೈ ಮುಗಿದಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು.

“ಹಲ್ಲು ಕಿರೀಬೇಡ. ರಾತ್ರಿಯೆಲ್ಲ ಕೂತು ಮುಗಿಸ್ದೆ. ಆ ತಮ್ಮ ಬಾವಿಗೆ ಬೀಗ ಹಾಕಿದ್ನಲ್ಲ, ಮುಂದೆಂತ ಆಯ್ತು?”

“ಅದು ಎರಡನೇ ಭಾಗದಲ್ಲಿ...”

“ಕೊಡು.”

“ಹೊಸನಗರದ ಲೈಬ್ರರೀಲಿದೆ.”

“ಮತ್ತಿಲ್ಲಿ ಎಂತಕ್ಕೆ ನಿಂತಿದೀಯ?”

ಬೀಗದ ಕೈಯನ್ನು ರಾಜಮುದ್ರೆಯಂತೆ ರವೀಶನಿಗೊಪ್ಪಿಸಿ ದಳವಾಯಿ ಬಸ್ಸಿಗೆ ಓಡಿದ. ಹಿಂದಿನಿಂದ ಜಿನಮತಿಯಮ್ಮನ ಕೂಗು ಬೀದಿಯುದ್ದಕ್ಕೂ ಕೇಳಿಸಿತು:

“ಮಧ್ಯಾಹ್ನದೊಳಗೆ ತಾ! ಸಂಜೆ ತಂದ್ರೆ ಇವತ್ತೂ ಉಪವಾಸವೇ!”